ಒತ್ತಡದ ವಾರಗಳಲ್ಲಿ ಮತ್ತೆ ಸಿಗರೇಟಿಗೆ ಕೈ ಹೋಗದಂತೆ ಗುಂಪನ್ನು ಹೇಗೆ ನಡೆಸುವುದು?

ಕಲ್ಲುಸಕ್ಕರೆ:

ಒಂದೇ ಕಚೇರಿಯ ಒಂಬತ್ತು ಜನ ಸಿಗರೇಟು ಬಿಟ್ಟು, ಪರಸ್ಪರ ನೆರವಿಗೆ ಅಂತ ಮೊಬೈಲಿನಲ್ಲಿ ಗುಂಪು ಮಾಡಿಕೊಂಡಿದ್ದೇವೆ. ಕೆಲವರು ಬಿಟ್ಟು ಇನ್ನೂ ಮೂರು ವಾರ, ಕೆಲವರಿಗೆ ಅರ್ಧ ವರ್ಷ ದಾಟಿದೆ. ಮುಂದಿನ ತಿಂಗಳಿಂದ ಲೆಕ್ಕ ಮುಗಿಸುವ ಕಾಲ. ತಡರಾತ್ರಿಯ ಕೆಲಸ, ನಿದ್ದೆಗೇಡು, ಮೇಲಿನವರ ಸಿಡಿಮಿಡಿ ಎಲ್ಲ ಒಟ್ಟಿಗೇ ಬರುತ್ತವೆ. ಅದಕ್ಕೆ ಮೊದಲೇ ಗುಂಪನ್ನು ಸರಿಪಡಿಸಿಕೊಳ್ಳಬೇಕು.

ಈಗಿನ ಸ್ಥಿತಿ ಇದು: ಬೆಳಿಗ್ಗೆ ಎಲ್ಲರೂ ಶುಭೋದಯ, "ಗಟ್ಟಿಯಾಗಿರಿ", ಹೂವಿನ ಚಿತ್ರ ಹಾಕುತ್ತಾರೆ. ನಿಜವಾಗಿ ಸೇದಬೇಕು ಅನ್ನಿಸಿದಾಗ ಒಬ್ಬರೂ ಬರೆಯುವುದಿಲ್ಲ. ಸೇದಿ ಆದಮೇಲೆ ಯಾರಿಂದಲೋ ಗೊತ್ತಾಗುತ್ತದೆ.

ಕೇಳಬೇಕಾದ್ದು ಮೂರು. ಸೇದುವ ಮೊದಲೇ ಜನ ಬರೆಯುವಂತೆ ಮಾಡುವುದು ಹೇಗೆ? ಯಾರಾದರೂ ಸೇದಿಬಿಟ್ಟರೆ ಉಳಿದವರು ಏನು ಮಾಡಬೇಕು? ಚರ್ಮಕ್ಕೆ ಹಚ್ಚುವ ನಿಕೋಟಿನ್ ಪಟ್ಟಿ, ಅಗಿಯುವ ನಿಕೋಟಿನ್ ಗಮ್ ಬಳಸುವವರು ಈ ವಾರಗಳಲ್ಲಿ ಏನಾದರೂ ಬದಲಿಸಿಕೊಳ್ಳಬೇಕೆ?

ತಂಗಾಳಿ:

ಒಂಬತ್ತು ಜನರ ಗುಂಪಿನಲ್ಲಿ ಕಷ್ಟದ ಹೊತ್ತಿಗೆ ಯಾರೂ ಬರೆಯುವುದಿಲ್ಲ, ಅದು ನಿಮ್ಮ ಗುಂಪಿನದ್ದೊಂದೇ ದೋಷವಲ್ಲ. ಅಷ್ಟು ಜನರೆದುರು ಸೋತವರಂತೆ ಕಾಣಲು ಸಂಕೋಚ. ಬರೆದರೂ ಓದಿದ ಎಂಟು ಜನರಲ್ಲಿ ಪ್ರತಿಯೊಬ್ಬರೂ "ಇನ್ನೊಬ್ಬರು ಉತ್ತರಿಸುತ್ತಾರೆ ಬಿಡು" ಅಂದುಕೊಳ್ಳುತ್ತಾರೆ. ಜೊತೆಗೆ, ತಲೆ ಕೆಟ್ಟಿರುವಾಗ ಏನು ಬರೆಯಬೇಕು ಅನ್ನುವುದೇ ಹೊಳೆಯುವುದಿಲ್ಲ. ಈ ಮೂರನ್ನೂ ಸರಿಪಡಿಸಬಹುದು.

ಮೊದಲು ಗುಂಪನ್ನು ಮೂರು ಮೂರು ಜನರಾಗಿ ಒಡೆಯಿರಿ. ಇಬ್ಬರ ಜೋಡಿ ಬೇಡ. ಜೋಡಿಯಲ್ಲಿ ಒಬ್ಬರು ಜಾರಿದರೆ ಇನ್ನೊಬ್ಬರಿಗೆ ಆಸರೆಯೇ ಉಳಿಯುವುದಿಲ್ಲ, ಎಷ್ಟೋ ಸಲ ಇಬ್ಬರೂ ಒಟ್ಟಿಗೇ ಹೋಗಿ ಸೇದಿ ಬರುತ್ತಾರೆ. ಪ್ರತಿ ಮೂವರಲ್ಲಿ ಒಬ್ಬರಾದರೂ ಬಿಟ್ಟು ಮೂರು ತಿಂಗಳು ದಾಟಿದವರಿರಲಿ. ಮೂವರದ್ದೂ ಒಂದೇ ಗಡುವು, ಒಂದೇ ಮೇಜು ಆಗದಂತೆ ನೋಡಿಕೊಳ್ಳಿ. ಮೂವರಿಗೂ ಒಂದೇ ಸಂಜೆ ಬೆಂಕಿ ಹತ್ತಿದರೆ ನೀರು ತರುವವರು ಯಾರು? ದೊಡ್ಡ ಗುಂಪು ಹಾಗೇ ಇರಲಿ, ಶುಭೋದಯಕ್ಕೆ.

ಮೂವರ ಗುಂಪಿನಲ್ಲಿ ವಾಕ್ಯ ಬರೆಯುವ ಗೊಡವೆಯೇ ಬೇಡ, ಒಂದು ಅಂಕಿ ಸಾಕು. ಸೊನ್ನೆ ಅಂದರೆ ನೆನಪೇ ಇಲ್ಲ, 10 ಅಂದರೆ ಈಗಲೇ ಸೇದುತ್ತೇನೆ. 6 ಅಥವಾ ಮೇಲಿನ ಅಂಕಿ ಬಂದರೆ ಆ ವಾರದ ಪಾಳಿಯವರು ಎರಡು ನಿಮಿಷದೊಳಗೆ ಕರೆ ಮಾಡಬೇಕು. ಅವರು ಮಾಡಲಿಲ್ಲವೆಂದರೆ ಮೂರನೆಯವರು ಮಾಡಬೇಕು. ಸಂದೇಶಕ್ಕೆ ಸಂದೇಶದ ಉತ್ತರ ಸಾಲದು, ಧ್ವನಿ ಕೇಳಬೇಕು. ಅಂಕಿ ಕಳಿಸಿದವರ ಕಡೆಯಿಂದ ಒಂದೇ ಒಪ್ಪಂದ: ಕಳಿಸಿದ ಕ್ಷಣದಿಂದ ಹತ್ತು ನಿಮಿಷ ಸೇದುವುದಿಲ್ಲ. ಇಡೀ ಜೀವನದ ಪ್ರಮಾಣ ಯಾರೂ ಕೇಳುತ್ತಿಲ್ಲ. ತೀವ್ರವಾದ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಏರಿ ಇಳಿಯುತ್ತದೆ, ಹತ್ತು ನಿಮಿಷ ಅದಕ್ಕೆ ಸಾಕಾಗುವ ಅಳತೆ.

ಆ ಹತ್ತು ನಿಮಿಷದಲ್ಲಿ ಮಾಡುವುದು ಹೀಗೆ. ಇದ್ದ ಜಾಗ ಬಿಟ್ಟು ಏಳಿ. ಕುಳಿತಲ್ಲೇ ತಡೆದುಕೊಳ್ಳಲು ಹೋಗುವುದೇ ದೊಡ್ಡ ತಪ್ಪು. ಬಿರುಸಾಗಿ ನಡೆಯಿರಿ, ಸ್ವಲ್ಪ ಹೊತ್ತಿನ ಬಿರುನಡಿಗೆ ತುಡಿತವನ್ನು ತಗ್ಗಿಸುತ್ತದೆ. ಆಮೇಲೆ ನಿಂತು ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ಬಾಯಿಂದ ಬಿಡಿ, ಹತ್ತು ಸಲ. ಎಳೆಯುವುದಕ್ಕಿಂತ ಬಿಡುವುದು ಉದ್ದವಿರಬೇಕು, ಎದೆಬಡಿತ ಇಳಿಯುವುದು ಅದರಿಂದ. ಜೋರಾಗಿ, ಬೇಗ ಬೇಗ ಉಸಿರಾಡಿದರೆ ತಲೆ ಸುತ್ತುತ್ತದೆ, ಇನ್ನಷ್ಟು ಗಾಬರಿ. ಕೊನೆಗೆ ಒಂದು ಲೋಟ ನೀರು, ಗುಟುಕು ಗುಟುಕಾಗಿ.

ಕರೆ ಮಾಡಿದವರಿಗೂ ಮಾತು ಮೊದಲೇ ಗೊತ್ತಿರಲಿ. "ಈಗ ಎಲ್ಲಿದ್ದೀಯ?" "ಹತ್ತಿರ ಸಿಗರೇಟು ಇದೆಯಾ, ಯಾರ ಹತ್ತಿರ?" "ಊಟ ಆಯ್ತಾ, ರಾತ್ರಿ ನಿದ್ದೆ ಆಗಿತ್ತಾ?" ಈ ಮೂರು ಸಾಕು. ಮೂರನೆಯದನ್ನು ಬಿಡಬೇಡಿ. ಹಸಿವು, ಕೋಪ, ಒಂಟಿತನ, ದಣಿವು ಇವು ನಾಲ್ಕೂ ಸಿಗರೇಟಿನ ವೇಷ ಹಾಕಿಕೊಂಡು ಬರುತ್ತವೆ. ಊಟವೇ ಮಾಡಿಲ್ಲ ಎಂದರೆ ಮೊದಲು ಊಟ. "ಯಾಕೆ ಹೀಗಾಯ್ತು", "ಇಷ್ಟು ದಿನ ಬಿಟ್ಟಿದ್ದೆಯಲ್ಲ", "ಮಕ್ಕಳ ಮುಖ ನೋಡು" ಇಂಥವು ಬೇಡ. ಮೊದಲನೆಯದು ವಿಚಾರಣೆ, ಉಳಿದವು ಹಂಗಿಸಿದಂತೆ. ಕರೆ ಮುಗಿಸುವ ಮುನ್ನ ಮತ್ತೊಮ್ಮೆ ಅಂಕಿ ಕೇಳಿ. 8 ಇದ್ದದ್ದು 4ಕ್ಕೆ ಬಂದಿರುತ್ತದೆ, ಆ ಇಳಿತವನ್ನು ಅವರೇ ಬಾಯಿಬಿಟ್ಟು ಹೇಳುವುದರಲ್ಲೇ ಅರ್ಧ ಪ್ರಯೋಜನ. ಇಳಿಯಲೇ ಇಲ್ಲವೆಂದರೆ ಇನ್ನೊಂದು ಹತ್ತು ನಿಮಿಷ, ಸಾಧ್ಯವಿದ್ದರೆ ಎದ್ದು ಅವರಿದ್ದಲ್ಲಿಗೇ ಹೋಗಿ.

ದಿನದ ಸಂಪರ್ಕ ರಾತ್ರಿ ಒಂದು ಸಲ ಇರಲಿ, ಎರಡೇ ಸಾಲು. ನಾಳೆ ಯಾವ ಗಂಟೆ ಕಷ್ಟದ್ದು, ಆಗ ಏನು ಮಾಡುತ್ತೇನೆ. "ಒತ್ತಡ ಬಂದರೆ ತಡೆದುಕೊಳ್ಳುತ್ತೇನೆ" ಅನ್ನುವುದನ್ನು ಒಪ್ಪಬೇಡಿ, ಅದರಲ್ಲಿ ಮಾಡುವಂಥದ್ದು ಏನೂ ಇಲ್ಲ. "ನಾಲ್ಕು ಗಂಟೆಯ ಸಭೆಯಲ್ಲಿ ಬೈಸಿಕೊಂಡು ಹೊರಗೆ ಬಂದರೆ, ಸೇದುವವರು ನಿಲ್ಲುವ ಮೆಟ್ಟಿಲ ಕಡೆ ಹೋಗದೆ ಮುಂಬಾಗಿಲಿಂದ ಹೊರಟು ಕಟ್ಟಡ ಸುತ್ತಿ ಬರುತ್ತೇನೆ, ಸುತ್ತುವಾಗ ನಿನಗೆ ಫೋನ್ ಮಾಡುತ್ತೇನೆ" ಎನ್ನುವುದು ಒಪ್ಪಬಹುದಾದ ಮಾತು. ಹೊತ್ತು, ಜಾಗ, ಕೆಲಸ, ಜನ ನಾಲ್ಕೂ ಅದರಲ್ಲಿವೆ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಸಿಗರೇಟು ನಿಕೋಟಿನ್ ಜೊತೆ ಬೇರೆ ಕೆಲವನ್ನೂ ಕೊಡುತ್ತಿತ್ತು: ಕುರ್ಚಿಯಿಂದ ಏಳಲು ಒಂದು ನೆಪ, ಐದು ನಿಮಿಷ ಬಯಲಿನ ಗಾಳಿ, ಉದ್ದನೆಯ ಉಸಿರು, ಹರಟೆಗೊಬ್ಬರು. ಬಿಟ್ಟವರು ಹೊಗೆಯ ಜೊತೆ ಈ ಬಿಡುವನ್ನೂ ಬಿಟ್ಟು, ಬೆಳಿಗ್ಗೆಯಿಂದ ಸಂಜೆವರೆಗೂ ಮೇಜಿಗೇ ಅಂಟಿಕೊಳ್ಳುತ್ತಾರೆ. ಆಮೇಲೆ "ಸಿಗರೇಟು ಬಿಟ್ಟಮೇಲೆ ಟೆನ್ಷನ್ ಜಾಸ್ತಿಯಾಯ್ತು" ಅನ್ನುತ್ತಾರೆ. ಆಗದೆ ಇರುತ್ತದೆಯೇ? ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಬಿಡುವನ್ನು ಗುಂಪಿನ ಹೆಸರಿನಲ್ಲಿ ಗೊತ್ತುಮಾಡಿ, ಇಬ್ಬಿಬ್ಬರಾಗಿ ಹೊರಗೆ ಹೋಗಿ. ಕೆಲಸ ಎಷ್ಟಿದ್ದರೂ ಇದನ್ನು ರದ್ದು ಮಾಡುವಂತಿಲ್ಲ ಎಂಬ ನಿಯಮವಿರಲಿ, ಏಕೆಂದರೆ ಕೆಲಸ ಹೆಚ್ಚಿದ ದಿನ ಮೊದಲು ರದ್ದಾಗುವುದೇ ಇದು.

"ಟೆನ್ಷನ್‌ಗೆ ಸಿಗರೇಟೇ ಮದ್ದು" ಎನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಹೇಳಬೇಕಾದ್ದು ಇದು. ಎಳೆದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ರಕ್ತದಲ್ಲಿ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಚಡಪಡಿಕೆ ಶುರು. ಮುಂದಿನ ಸಿಗರೇಟು ಕಳೆಯುವುದು ಹಿಂದಿನ ಸಿಗರೇಟು ಹುಟ್ಟಿಸಿದ ಆ ಚಡಪಡಿಕೆಯನ್ನೇ, ಕಚೇರಿಯ ತಲೆನೋವು ಹಾಗೇ ಉಳಿದಿರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಒಂದು ವಿಶ್ಲೇಷಣೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸೇದುತ್ತಲೇ ಇದ್ದವರಿಗಿಂತ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ತಗ್ಗಿದ್ದವು. ಆದರೆ ಇದನ್ನೆಲ್ಲ ಹೇಳುವುದು ಸಮಾಧಾನದ ಹೊತ್ತಿನಲ್ಲಿ. ಅಂಕಿ 8 ಇರುವವರಿಗೆ ಅಧ್ಯಯನದ ಮಾತು ರುಚಿಸುವುದಿಲ್ಲ.

ಮೂವರ ಗುಂಪು ಹಾಳಾಗುವುದು ಹೇಗೆ ಅನ್ನುವುದೂ ತಿಳಿದಿರಲಿ. ಒಬ್ಬರೇ ಎಲ್ಲರ ಕರೆ ತೆಗೆದುಕೊಳ್ಳುತ್ತಾ ಹೋಗಿ ದಣಿಯುತ್ತಾರೆ, ಅದಕ್ಕೇ ವಾರಕ್ಕೊಮ್ಮೆ ಪಾಳಿ ಬದಲಿಸಿ. ಸಿಗರೇಟಿನ ರುಚಿ, ಮೊದಲ ದಮ್ಮಿನ ಸುಖ ಎಂದು ವರ್ಣಿಸುವ ಹರಟೆ ಶುರುವಾಗುತ್ತದೆ, ಅದು ಕೇಳಿದವರಲ್ಲೇ ತುಡಿತ ಎಬ್ಬಿಸುತ್ತದೆ. ಚಿತ್ರ, ವಿಡಿಯೊ, ವರ್ಣನೆ ಯಾವುದೂ ಬೇಡ ಎಂದು ಮೊದಲ ದಿನವೇ ಹೇಳಿಬಿಡಿ. ಮತ್ತೆ ಸದಾ "1", "2" ಎಂದೇ ಬರೆಯುವವರ ಮೇಲೆ ಒಂದು ಕಣ್ಣಿರಲಿ, ನಿಜವಾದ ಅಂಕಿಯನ್ನು ಮುಚ್ಚಿಡುತ್ತಿರಬಹುದು.

ಗುಳಿಗೆಡಬ್ಬಿ:

ಪಟ್ಟಿ, ಗಮ್ ವಿಷಯ ಹೇಳುತ್ತೇನೆ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಇದನ್ನು ಓದಿ ತಾವೇ ಶುರು ಮಾಡುವುದು ಬೇಡ, ಮೊದಲು ವೈದ್ಯರನ್ನು ಕೇಳಿ.

ಬಿಟ್ಟು ಮೂರು ವಾರದವರು ಒತ್ತಡದ ವಾರಗಳಲ್ಲಿ ಪ್ರಮಾಣ ಇಳಿಸಬಾರದು. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ ಪಟ್ಟಿಯ ಸಾಮಾನ್ಯ ಕ್ರಮ 21 ಮಿ.ಗ್ರಾಂ ಆರು ವಾರ, 14 ಮಿ.ಗ್ರಾಂ ಎರಡು ವಾರ, 7 ಮಿ.ಗ್ರಾಂ ಎರಡು ವಾರ. "ಈಗ ಆರಾಮಾಗಿದ್ದೇನೆ" ಎಂದು ಮೂರನೇ ವಾರಕ್ಕೇ ನಿಲ್ಲಿಸುವವರು ಬಹಳ. ಆರಾಮಾಗಿರುವುದು ಪಟ್ಟಿ ಇರುವುದರಿಂದಲೇ. ಇಳಿಸುವ ದಿನ ಗಡುವಿನ ವಾರಕ್ಕೆ ಬಂದು ಬಿದ್ದರೆ ಅದೇ ಪ್ರಮಾಣದಲ್ಲಿ ಮುಂದುವರಿಯಬಹುದೇ ಎಂದು ವೈದ್ಯರನ್ನೋ ಔಷಧ ಅಂಗಡಿಯ ಫಾರ್ಮಸಿಸ್ಟರನ್ನೋ ಕೇಳಿ. ರೋಮವಿಲ್ಲದ, ಒಣ ಚರ್ಮದ ಮೇಲೆ, ದಿನಾ ಬೇರೆ ಜಾಗದಲ್ಲಿ ಹಚ್ಚಿ. ನಿದ್ದೆಗೆಟ್ಟು ಕೆಟ್ಟ ಕನಸು ಬೀಳುತ್ತಿದ್ದರೆ ಮಲಗುವಾಗ ತೆಗೆದುಬಿಡಿ. ಒತ್ತಡದ ಕಾಲದಲ್ಲಿ ನಿದ್ದೆ ದೊಡ್ಡದು.

ಪಟ್ಟಿ ದಿನವಿಡೀ ಒಂದೇ ಸಮನಾದ ನಿಕೋಟಿನ್ ಕೊಡುತ್ತದೆ, ಸಭೆ ಮುಗಿದು ಬಂದಾಗಿನ ದಿಢೀರ್ ತುಡಿತಕ್ಕೆ ಅದೊಂದೇ ಸಾಲದು. ಪಟ್ಟಿಯ ಜೊತೆ ಗಮ್ ಅಥವಾ ಚೀಪುವ ಗುಳಿಗೆ ಸೇರಿಸುವುದು ಯಾವುದೋ ಒಂದನ್ನೇ ಬಳಸುವುದಕ್ಕಿಂತ ಮೇಲು ಎನ್ನುವುದು ಚೆನ್ನಾಗಿ ಸಾಬೀತಾಗಿದೆ. ಎದ್ದ 30 ನಿಮಿಷದೊಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂ ಗಮ್, ಉಳಿದವರಿಗೆ 2 ಮಿ.ಗ್ರಾಂ.

ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹುಪಾಲು ಅದನ್ನು ಬಬಲ್‌ಗಮ್ಮಿನಂತೆ ಅಗಿದಿರುತ್ತಾರೆ. ಹಾಗೆ ಅಗಿದರೆ ನಿಕೋಟಿನ್ ಉಗುಳಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ತುಡಿತ ಹಾಗೇ ಇರುತ್ತದೆ. ನಿಧಾನಕ್ಕೆ ಅಗಿಯಿರಿ. ಖಾರ ಅಥವಾ ಚುಮುಚುಮು ಅನ್ನಿಸಿದ ಕೂಡಲೇ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಳ್ಳಿ. ಚುಮುಚುಮು ಹೋದಮೇಲೆ ಮತ್ತೆ ನಾಲ್ಕೈದು ಸಲ ಅಗಿದು ಬೇರೆ ಕಡೆ ಇಡಿ. ಹೀಗೆ ಅರ್ಧ ಗಂಟೆ. ಬಾಯಿಗೆ ಹಾಕುವ 15 ನಿಮಿಷ ಮೊದಲಿನಿಂದ, ಬಾಯಲ್ಲಿ ಇರುವಷ್ಟು ಹೊತ್ತೂ ಕಾಫಿ, ಹಣ್ಣಿನ ರಸ, ಸೋಡಾ ಬೇಡ, ಹುಳಿಯಂಶವಿದ್ದರೆ ಬಾಯಿ ನಿಕೋಟಿನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸಿಗರೇಟಿನಷ್ಟು ಬೇಗ ಇದು ಮಿದುಳು ಮುಟ್ಟುವುದಿಲ್ಲವಾದ್ದರಿಂದ ಸಭೆ ಮುಗಿದ ಮೇಲೆ ಹುಡುಕಬೇಡಿ, ಶುರುವಾಗುವ ಸ್ವಲ್ಪ ಮೊದಲೇ ಬಾಯಲ್ಲಿರಲಿ. ದಿನಕ್ಕೆ 24 ಮೀರಬಾರದು.

ಅರ್ಧ ವರ್ಷ ದಾಟಿದವರು ಮುಂಜಾಗ್ರತೆಗೆಂದು ಪಟ್ಟಿ ಹಚ್ಚಿಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಸೇದಿಯೇ ಬಿಡುತ್ತೇನೆ ಅನ್ನುವ ಹಂತ ಬಂದರೆ ಸಿಗರೇಟಿಗಿಂತ ಒಂದು 2 ಮಿ.ಗ್ರಾಂ ಗಮ್ ಸಾವಿರ ಪಾಲು ವಾಸಿ, ಅಷ್ಟೇ.

ಯಾರಾದರೂ ಸಿಗರೇಟು ಬಿಡಲು ಕೊಡುವ ವರೆನಿಕ್ಲಿನ್ ಗುಳಿಗೆಯಲ್ಲಿದ್ದರೆ ಅದರ ಕ್ರಮ 12 ವಾರ. ಒತ್ತಡದ ದಿನಗಳಲ್ಲಿ ಖಾಲಿ ಹೊಟ್ಟೆಗೆ ನುಂಗಿ, ವಾಕರಿಕೆ ಬಂದು, ಔಷಧವನ್ನೇ ನಿಲ್ಲಿಸುವುದುಂಟು. ಊಟದ ನಂತರ ತುಂಬಾ ನೀರಿನ ಜೊತೆ ತೆಗೆದುಕೊಳ್ಳಿ. ಮನಸ್ಸು ತೀರಾ ಕುಗ್ಗಿದಂತೆ ಕಂಡರೆ ಪಾಳಿಯವರ ಕರೆಯಲ್ಲೇ ಮುಗಿಸಬೇಡಿ, ವೈದ್ಯರಿಗೆ ಹೇಳಿ.

ಕಾಫಿಯ ಮಾತು ಯಾರೂ ಎತ್ತುವುದಿಲ್ಲ, ಎತ್ತಲೇಬೇಕು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ, ಕೆಫೀನನ್ನು ಕರಗಿಸುವುದು ಅದೇ ಕಿಣ್ವ. ಹೊಗೆ ನಿಂತರೆ ಕಿಣ್ವ ಮಂದವಾಗುತ್ತದೆ, ಅದೇ ಪ್ರಮಾಣದ ಕಾಫಿಯ ಕೆಫೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ಇದನ್ನೇ ಜನ ನಿಕೋಟಿನ್ ಇಲ್ಲದ ಕಿರಿಕಿರಿ ಎಂದುಕೊಂಡು ಸಿಗರೇಟಿಗೆ ಮರಳುತ್ತಾರೆ. ಮೊದಲು ಕುಡಿಯುತ್ತಿದ್ದುದರ ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ನಂತರ ಬೇಡ. ರಾತ್ರಿ ಕೆಲಸವೆಂದು ಕಾಫಿ ದುಪ್ಪಟ್ಟು ಮಾಡಿದರೆ ಎರಡು ಕಡೆಯಿಂದಲೂ ಪೆಟ್ಟು.

ಅದೇ ಕಿಣ್ವ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಔಷಧಗಳನ್ನೂ ಕರಗಿಸುತ್ತದೆ. ಇವನ್ನು ತೆಗೆದುಕೊಳ್ಳುವವರು ಸಿಗರೇಟು ಬಿಟ್ಟಿರುವುದನ್ನು ವೈದ್ಯರಿಗೆ ತಿಳಿಸಲೇಬೇಕು, ಪ್ರಮಾಣ ಇಳಿಸಬೇಕಾಗಬಹುದು. ಕಾರಣ ಹೊಗೆಯೇ ಹೊರತು ನಿಕೋಟಿನ್ ಅಲ್ಲ, ಆದ್ದರಿಂದ ಪಟ್ಟಿ ಹಚ್ಚಿಕೊಂಡಿದ್ದರೂ ಈ ಮಾತು ಅನ್ವಯಿಸುತ್ತದೆ.

ಹೊಂಗೆನೆರಳು:

ತಂಗಾಳಿ ಅವರ ಪದ್ಧತಿ ಒಪ್ಪಿಗೆ, ಒಂದು ತಿದ್ದುಪಡಿ ಬಿಟ್ಟು. ಕರೆಗೆ 6 ಎನ್ನುವ ಗಡಿ ಸಾಧಾರಣ ದಿನಗಳಿಗೆ ಸರಿ. ಗಡುವಿನ ವಾರಗಳಲ್ಲಿ ಅದನ್ನು 4ಕ್ಕೆ ಇಳಿಸಿ. ದಣಿದವರು ತಮ್ಮ ಸ್ಥಿತಿಯನ್ನು ಕಡಿಮೆ ಅಂದಾಜು ಮಾಡುತ್ತಾರೆ, 6 ಎಂದು ಬರೆಯುವ ಹೊತ್ತಿಗೆ ಕೈಯಲ್ಲಿ ಬೆಂಕಿಪೊಟ್ಟಣ ಇರುತ್ತದೆ.

ಎರಡನೇ ಪ್ರಶ್ನೆಗೆ: ಜಾರುವುದು ಬೇರೆ, ಮರಳುವುದು ಬೇರೆ. ಒಂದು ಸಿಗರೇಟು ಸೇದಿದ್ದು ಜಾರಿದ್ದು; ಮರುದಿನದಿಂದ ಮೊದಲಿನಂತೆ ಸೇದುವುದು ಮರಳಿದ್ದು. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇವೆರಡರ ನಡುವಿನ ಹೊತ್ತನ್ನೇ ಹಿಡಿದು ಕೆಲಸ ಮಾಡಿದವರು. "ನನ್ನಿಂದ ಆಗುವಂಥದ್ದಲ್ಲ, ನಾನೇ ಹೀಗೆ" ಎಂದುಕೊಂಡವರು ಮರಳುವ ಸಂಭವ ಹೆಚ್ಚು, "ಆ ಜಾಗ, ಆ ಹೊತ್ತು, ಆ ಸಂದರ್ಭಕ್ಕೆ ತಯಾರಿರಲಿಲ್ಲ" ಎಂದು ನೋಡಿದವರು ಚೇತರಿಸಿಕೊಳ್ಳುತ್ತಾರೆ. ನೆರವಿನವರ ಕೆಲಸ ಮೊದಲನೆಯದನ್ನು ಎರಡನೆಯದಕ್ಕೆ ತಿರುಗಿಸುವುದು.

ಜಾರಿದವರು ಮೂವರ ಗುಂಪಿಗೆ "ಜಾರಿದೆ" ಎಂದು ಒಂದೇ ಪದ ಬರೆಯಲಿ, ಒಂದು ಗಂಟೆಯೊಳಗೆ. ಉಳಿದ ಸಿಗರೇಟುಗಳನ್ನು ನೀರಿನಲ್ಲಿ ನೆನೆಸಿ ಎಸೆಯಬೇಕು, ಇನ್ನೊಬ್ಬರ ಕೈಗೆ ಕೊಡಬಾರದು, ಅವರ ಹತ್ತಿರ ಮತ್ತೆ ಕೇಳಬಹುದಲ್ಲ! ಪಟ್ಟಿ ಹಚ್ಚಿದ್ದರೆ ಗಾಬರಿಯಿಂದ ಕಿತ್ತುಹಾಕದೆ ಹಾಗೇ ಮುಂದುವರಿಸಿ, ಕಿತ್ತವರು ಸಂಜೆಗೆ ಎರಡನೇ ಸಿಗರೇಟು ಹುಡುಕುತ್ತಾರೆ. ಮರುದಿನ ಒಬ್ಬರು ಕೂತು ಕೇಳಲಿ: ಎಷ್ಟು ಗಂಟೆಗೆ, ಎಲ್ಲಿ, ಜೊತೆಗೆ ಯಾರು, ಕೈಗೆ ಹೇಗೆ ಬಂತು. ಕೊನೆಯ ಪ್ರಶ್ನೆ ಅತಿ ಮುಖ್ಯ. ಕೇಳಿ ಪಡೆದದ್ದಾದರೆ ಯಾರ ಪಕ್ಕ ನಿಲ್ಲುತ್ತೀರಿ ಎನ್ನುವುದು ಬದಲಾಗಬೇಕು. ಕೊಂಡದ್ದಾದರೆ ಹೋಗುವ ದಾರಿ ಬದಲಾಗಬೇಕು. ದೊಡ್ಡ ಗುಂಪಿಗೆ ಹೇಳುವುದು ಅವರ ಇಷ್ಟ, ನೀವು ಹೇಳಬೇಡಿ.

ದಿನ ಎಣಿಸುವ ಪಟ್ಟಿ ಇಟ್ಟಿದ್ದರೆ ಜಾರಿದವರನ್ನು ಸೊನ್ನೆಗೆ ಇಳಿಸಬೇಡಿ. "ಹೇಗೂ ಸೊನ್ನೆಯಾಯ್ತು, ಪ್ಯಾಕೆಟ್ ಮುಗಿಸಿಯೇ ನಾಳೆಯಿಂದ ನೋಡೋಣ" ಎನ್ನುವ ಲೆಕ್ಕ ಅಲ್ಲಿಂದಲೇ ಹುಟ್ಟುವುದು. ಒಟ್ಟು ಹೊಗೆಯಿಲ್ಲದ ದಿನಗಳು, ಕೊನೆಯ ಸಿಗರೇಟಿನಿಂದ ಈಚಿನ ದಿನಗಳು, ಹೀಗೆ ಎರಡು ಅಂಕಣ ಇಡಿ.

ತಂಗಾಳಿ:

4ರ ಗಡಿ ಒಪ್ಪಿದೆ. ಎರಡು ಅಂಕಣದ ಬಗ್ಗೆ ಅನುಮಾನವಿದೆ. ಮೊದಲ ಅಂಕಣ ಹೇಗೂ ಕೆಡುವುದಿಲ್ಲ ಎಂದು ಗೊತ್ತಾದರೆ "ಒಂದೇ ಒಂದು" ಎನ್ನುವುದಕ್ಕೆ ಪರವಾನಗಿ ಸಿಕ್ಕಂತಾಗುತ್ತದೆ. ಒಂದು ದಮ್ಮು ಏನೂ ಮಾಡುವುದಿಲ್ಲ ಎನ್ನುವುದು ಸುಳ್ಳು, ಬಿಟ್ಟ ಮೊದಲ ವಾರಗಳಲ್ಲಿ ಒಮ್ಮೆ ಸೇದಿದವರಲ್ಲಿ ಹೆಚ್ಚಿನವರು ಪೂರ್ತಿ ಮರಳುತ್ತಾರೆ. ಲೆಕ್ಕವನ್ನು ಅವರವರೇ ಇಟ್ಟುಕೊಳ್ಳಲಿ, ಗುಂಪಿನಲ್ಲಿ ದಿನ ಎಣಿಸುವ ಪಟ್ಟಿಯೇ ಬೇಡ.

ಹೊಂಗೆನೆರಳು:

ಮೊದಲ ವಾರಗಳವರಿಗೆ ಅದು ಸರಿ. ಆರು ತಿಂಗಳವರನ್ನು ಸೊನ್ನೆಗೆ ಇಳಿಸಿದರೆ ಅವರು ಗುಂಪನ್ನೇ ಬಿಟ್ಟುಹೋಗುತ್ತಾರೆ, ಅದಕ್ಕೆ ಹೇಳಿದ್ದು. ದಿನ ಎಣಿಸುವ ಪಟ್ಟಿಯೇ ಬೇಡ ಎಂದರೂ ತಕರಾರಿಲ್ಲ.

ಕಲ್ಲುಸಕ್ಕರೆ:

ತುಂಬಾ ಉಪಕಾರವಾಯಿತು. ಮೂವರ ಗುಂಪು, 4ರ ಗಡಿ, ದಿನ ಎಣಿಸುವ ಪಟ್ಟಿ ಇಲ್ಲ, ಹೀಗೆ ಶುರು ಮಾಡುತ್ತೇವೆ. ಇನ್ನೆರಡು ಉಳಿದಿವೆ. ರಾತ್ರಿ ಒಂದು ಗಂಟೆಗೆ ಒಬ್ಬರೇ ಕೂತು ಕೆಲಸ ಮಾಡುವಾಗ ಉಳಿದಿಬ್ಬರು ಮಲಗಿರುತ್ತಾರೆ, ಆಗ ಏನು? ಮತ್ತೆ, ಎಲ್ಲ ಮುಗಿದ ಮೇಲೆ ಒಂದು ಪಾರ್ಟಿ ಇರುತ್ತದೆ, ಅಲ್ಲಿ ಮದ್ಯವೂ ಇರುತ್ತದೆ.

ತಂಗಾಳಿ:

ಮಲಗಿದವರನ್ನು ಎಬ್ಬಿಸಬಹುದು ಎಂದು ಮೊದಲೇ ಬಾಯಿಬಿಟ್ಟು ಹೇಳಿಕೊಂಡಿರಿ. ಹಾಗಿದ್ದರೂ ಅನೇಕರು ಎಬ್ಬಿಸುವುದಿಲ್ಲ. ಅದಕ್ಕೆ ಪ್ರತಿಯೊಬ್ಬರೂ ಉಳಿದಿಬ್ಬರಿಗೆ ಒಂದೊಂದು ನಿಮಿಷದ ಧ್ವನಿಮುದ್ರಿಕೆ ಮಾಡಿ ಕಳಿಸಿ. ಪ್ರೋತ್ಸಾಹದ ಭಾಷಣ ಬೇಡ: "ಈಗ ಎದ್ದೇಳು, ಕಿಟಕಿ ತೆರೆ, ನನ್ನ ಜೊತೆ ಉಸಿರು ಎಣಿಸು, ಒಂದು, ಎರಡು..." ಎಂದು ಮಾಡಿಸುವಂತಿರಲಿ. ಅಂಕಿಯನ್ನು ಆಗಲೂ ಬರೆದಿಡಿ, ಬೆಳಿಗ್ಗೆ ಎದ್ದವರು ಮೊದಲು ಅದಕ್ಕೆ ಉತ್ತರಿಸಬೇಕು. ಕಟ್ಟಡದೊಳಗೆ, ಚೀಲದಲ್ಲಿ, ವಾಹನದಲ್ಲಿ ಒಂದೂ ಸಿಗರೇಟು, ಲೈಟರ್ ಇಲ್ಲವೆಂದು ಸಂಜೆಯೇ ನೋಡಿಕೊಳ್ಳಿ. ತರಲು ಹೊರಗೆ ಹೋಗಬೇಕು ಎನ್ನುವಷ್ಟು ದೂರವಿದ್ದರೆ ಆ ಹತ್ತು ನಿಮಿಷ ತಾನಾಗಿಯೇ ಸಿಗುತ್ತದೆ.

ಪಾರ್ಟಿಯನ್ನು ಗಡುವಿನ ವಾರಕ್ಕಿಂತ ಅಪಾಯದ್ದು ಎಂದೇ ಇಟ್ಟುಕೊಳ್ಳಿ. ಒತ್ತಡ ಇಳಿದಾಗ "ಇಷ್ಟು ದುಡಿದಿದ್ದಕ್ಕೆ ಒಂದು" ಎನ್ನುವ ಬಹುಮಾನದ ಆಸೆ ಬರುತ್ತದೆ, ಮದ್ಯ ಬೇಡ ಎನ್ನುವ ಶಕ್ತಿಯನ್ನು ಕಸಿಯುತ್ತದೆ, ಸೇದುವವರು ಪಕ್ಕದಲ್ಲೇ ಇರುತ್ತಾರೆ. ಬಿಟ್ಟು ಮೂರು ತಿಂಗಳಾಗದವರು ಅಂದು ಕುಡಿಯದಿರುವುದೇ ಸರಿ. ಉಳಿದವರು ಒಂದು ಲೋಟ ಮದ್ಯ, ಒಂದು ಲೋಟ ನೀರು ಎಂದು ಬದಲಿಸುತ್ತಾ, ಎರಡಕ್ಕೆ ನಿಲ್ಲಿಸಲಿ. ಸಿಗರೇಟು ಹಿಡಿಯುತ್ತಿದ್ದ ಕೈಯಲ್ಲೇ ಲೋಟ ಇರಲಿ. ಮೂವರಲ್ಲಿ ಒಬ್ಬರು ಕುಡಿಯದೆ ಇದ್ದು, ಗೊತ್ತಾದ ಗಂಟೆಗೆ ಉಳಿದಿಬ್ಬರನ್ನೂ ಹೊರಡಿಸಿಕೊಂಡು ಬರಲಿ. "ಹೊಗೆಗೆ ಹೋಗ್ತಿದ್ದೀವಿ, ಬಾ" ಎಂದು ಯಾರಾದರೂ ಕರೆದರೆ "ಸೇದಲ್ಲ" ಎಂಬ ಒಂದೇ ಪದ ಸಾಕು. "ಬಿಡ್ತಾ ಇದ್ದೀನಿ", "ಇವತ್ತು ಬೇಡ" ಅಂದರೆ ಒತ್ತಾಯಕ್ಕೆ ಬಾಗಿಲು ತೆರೆದಂತೆ.

ರಾತ್ರಿಯ ಎರಡು ಸಾಲನ್ನು ಪಾರ್ಟಿಯ ಮರುದಿನವೇ ನಿಲ್ಲಿಸಬೇಡಿ, ಇನ್ನೆರಡು ವಾರ ನಡೆಯಲಿ. ಆಮೇಲೆ ವಾರಕ್ಕೊಮ್ಮೆ ಮಾಡಿಕೊಳ್ಳಬಹುದು.